ಅಪ್‌ಡೇಟ್: ‘ಪ್ರೊಹೈರೆಸಿಸ್’ಗೆ ‘ಇಚ್ಛೆ’ ಒಗ್ಗುವುದಿಲ್ಲ
ಅರಿಸ್ಟಾಟಲನ ನೀತಿಗ್ರಂಥ ‘ನಿಕೊಮೇಕಿಯನ್ ಎಥಿಕ್ಸ್’ನಲ್ಲಿ ಬರುವ ಗ್ರೀಕ್ ಪದ ‘ಪ್ರೊಹೈರೆಸಿಸ್’ಗೆ (ಸ್ಥೂಲವಾಗಿ, ಯೋಚಿಸಿ ಮಾಡುವ ಆಯ್ಕೆ) ಕನ್ನಡದಲ್ಲಿ ‘ಇಚ್ಛೆ’ ಎನ್ನಬಹುದೇ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಆಗಲ್ಲ ಅನ್ನುವುದು ಖಾತ್ರಿಯಾಯಿತು.

3ನೇ ಪುಸ್ತಕದ 2ನೇ ಅಧ್ಯಾಯದಲ್ಲಿ ಅವನೇ ಆ ದಾರಿ ಮುಚ್ಚಿದ್ದಾನೆ. ಸಾವೇ ಬರದಿರಲಿ ಅಂತ ಇಚ್ಛಿಸಬಹುದು, ಆರಿಸಿಕೊಳ್ಳಲು ಬರುವುದಿಲ್ಲ. ಬರೀ ಬಯಕೆ, ಸಿಟ್ಟು, ಅಭಿಪ್ರಾಯ ಇವೂ ಪ್ರೊಹೈರೆಸಿಸ್ ಅಲ್ಲ. ಮಕ್ಕಳೂ ಪ್ರಾಣಿಗಳೂ ತಾವಾಗಿಯೇ ಕೆಲಸ ಮಾಡುತ್ತವೆ, ಆದರೆ ಅದು ಪ್ರೊಹೈರೆಸಿಸ್ ಅಲ್ಲ.

ತಿರುಳು 3ನೇ ಅಧ್ಯಾಯದಲ್ಲಿದೆ. ವಾಸಿ ಮಾಡಲೋ ಬೇಡವೋ ಅಂತ ವೈದ್ಯ ಯೋಚಿಸುತ್ತ ಕೂರುವುದಿಲ್ಲ. ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಅವನದೇ ಇನ್ನೊಂದು ಗ್ರಂಥ ‘ಮೆಟಫಿಸಿಕ್ಸ್’ನ 7ನೇ ಪುಸ್ತಕದಲ್ಲಿ ಆ ಸರಪಳಿಯೇ ಇದೆ: ಆರೋಗ್ಯಕ್ಕೆ ದೇಹದ ಸಮತೋಲ, ಅದಕ್ಕೆ ಶಾಖ, ಶಾಖಕ್ಕೆ ಮೈ ಉಜ್ಜುವುದು. ಉಜ್ಜುವುದು ಕೈಯಲ್ಲಾಗುವ ಕೆಲಸ, ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಹಾಗೆ ಯೋಚಿಸಿ, ನಮ್ಮ ಕೈಯಲ್ಲಿರುವುದರ ಮೇಲೆ ನೆಲೆಯೂರಿದ ಬಯಕೆಯೇ ಪ್ರೊಹೈರೆಸಿಸ್. ನಡುವೆ ಅಸಾಧ್ಯವಾದದ್ದು ಎದುರಾದರೆ, ಹಣ ಬೇಕು ಆದರೆ ಹುಟ್ಟುವ ದಾರಿಯಿಲ್ಲ ಅನ್ನಿ, ಪ್ರಯತ್ನ ಬಿಡುತ್ತಾರೆ.

‘ಸಂಕಲ್ಪ’ ಸೂಚಿಸಿದವರಿಗೆ: ಪೂಜೆಯ ವಾಸನೆ ಹೋಗಲ್ಲ, ಯೋಚನೆಯ ಭಾಗವೂ ಕಾಣಲ್ಲ. ‘ವಿವೇಚಿತ ಆಯ್ಕೆ’ ಇಟ್ಟುಕೊಂಡಿದ್ದೇನೆ. ಮುಂದೆ ಬಂದ ಸ್ಟೋಯಿಕ್ ಪಂಥದ ತತ್ವಜ್ಞಾನಿ ಎಪಿಕ್ಟೀಟಸ್‌ಗೆ ಮಾತ್ರ ಇದನ್ನೇ ಅಂಟಿಸಬೇಡಿ. ಅವನಲ್ಲಿ ಪ್ರೊಹೈರೆಸಿಸ್ ಎಂದರೆ ಒಂದೊಂದು ಆಯ್ಕೆಯಲ್ಲ, ಗ್ರೀಕರ ದೇವರಾಜ ಝ್ಯೂಸ್ ಕೂಡ ಗೆಲ್ಲಲಾರದ ‘ನಾನು’.