ಜೆಂಟಾಮೈಸಿನ್ ಅಸ್ಸೇ: ಫಾರಂ ತಳಿ ಶೇ. 40, ಎಸ್‌ಎಲ್1344 ಶೇ. 0.05. ಎಲ್ಲಿ ತಪ್ಪಿದೆ?

ಹೇಮಾವತಿ_ಲ್ಯಾಬ್ (ಹಾಸನ)

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ಕಡೆಯ ಬ್ರಾಯ್ಲರ್ ಫಾರಂ ಒಂದರ ಕೋಳಿಯಿಂದ ಸಿಕ್ಕ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ತಳಿ ಜೀವಕೋಶದೊಳಕ್ಕೆ ಎಷ್ಟರ ಮಟ್ಟಿಗೆ ನುಗ್ಗುತ್ತೆ ಅಂತ ಅಳೀಬೇಕು. ಹೋಲಿಕೆಗೆ ಎಸ್‌ಎಲ್1344 (ಲ್ಯಾಬ್‌ಗಳಲ್ಲಿ ಬಳಸೋ ಸಾಲ್ಮೊನೆಲ್ಲಾ ತಳಿ) ಇಟ್ಟಿದೀವಿ. ಜೆಂಟಾಮೈಸಿನ್ ಕೋಶದ ಹೊರಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ, ಒಳಗಿನದನ್ನು ಬಹುಪಾಲು ಮುಟ್ಟಲ್ಲ; ಬದುಕಿ ಉಳಿದದ್ದೇ ಒಳಗೆ ನುಗ್ಗಿದ್ದರ ಲೆಕ್ಕ.

24 ವೆಲ್ (ಗುಳಿ) ಪ್ಲೇಟು, ವೆಲ್ಲಿಗೆ ಸುಮಾರು 2 ಲಕ್ಷ ಹೀಲಾ ಕೋಶ (ಲ್ಯಾಬ್‌ನಲ್ಲಿ ಬೆಳೆಸೋ ಮಾನವ ಕೋಶ). ರಾತ್ರಿಯಿಡೀ ಶೇಕರ್‌ನಲ್ಲಿ ಎಲ್‌ಬಿ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸೋ ದ್ರವ) ಬೆಳೆದ ಬ್ಯಾಕ್ಟೀರಿಯಾ, ಎಂಓಐ 10 (ಕೋಶವೊಂದಕ್ಕೆ 10 ಬ್ಯಾಕ್ಟೀರಿಯಾ), ಅಂದ್ರೆ ವೆಲ್ಲಿಗೆ 20 ಲಕ್ಷ. 30 ನಿಮಿಷ ಸೋಂಕು, ತೊಳೆದು ಮಿಲಿಗೆ 100 ಮೈಕ್ರೊಗ್ರಾಂ ಜೆಂಟಾಮೈಸಿನ್‌ನಲ್ಲಿ 1 ಗಂಟೆ, ಮತ್ತೆ ತೊಳೆದು ಶೇ. 0.1 ಟ್ರೈಟಾನ್ ಎಕ್ಸ್-100ರಲ್ಲಿ (ಪೊರೆ ಕರಗಿಸೋ ಡಿಟರ್ಜೆಂಟ್) ಕೋಶ ಒಡೆದು ಪ್ಲೇಟಿಂಗ್ (ಅಗರ್ ಮೇಲೆ ಹರಡಿ ಎಣಿಸೋದು). ಎಸ್‌ಎಲ್1344 ವೆಲ್ಲಿಗೆ ಸಾವಿರದಷ್ಟು ಬರ್ತಾ ಇದೆ, ಫಾರಂ ತಳಿ 8 ಲಕ್ಷ.

ಇನ್ನೊಂದು ತೊಂದರೆ: ರಾ 264.7 ಮ್ಯಾಕ್ರೊಫೇಜ್‌ನಲ್ಲಿ (ಬ್ಯಾಕ್ಟೀರಿಯಾ ನುಂಗೋ ಇಲಿಯ ರಕ್ಷಣಾ ಕೋಶ; ಇದಕ್ಕೆ ಬೆಳಿಗ್ಗೆ ಹೊಸ ಬ್ರಾತ್‌ಗೆ ಹಾಕಿ 3 ಗಂಟೆ ಬೆಳೆಸಿದ ಕಲ್ಚರ್) ಎಸ್‌ಎಲ್1344 18 ಗಂಟೆಗೆ ಹೆಚ್ಚಾಗೋ ಬದಲು 2 ಗಂಟೆಯ ಲೆಕ್ಕಕ್ಕಿಂತ ಕಡಿಮೆ. ಫಾರಂ ತಳಿ ನಿಜಕ್ಕೂ ಅಷ್ಟು ಉಗ್ರವಾ?

ಗಿರಿ_ಸೂಕ್ಷ್ಮ (ಚಿಕ್ಕಮಗಳೂರು)

ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಒಂದೇ ಕೋಷ್ಟಕದಲ್ಲಿ ಕೂತಿವೆ. ಮೊದಲು ಕಡಿಮೆ ಇರೋ ಲೆಕ್ಕ ನೋಡೋಣ.

ಕೋಶದೊಳಕ್ಕೆ ನುಗ್ಗೋ ಕೆಲಸ ಎಸ್‌ಪಿಐ-1 ಅನ್ನೋ ಗುಂಪಿನ ಜೀನುಗಳದ್ದು. ಅವು ಕಟ್ಟೋ ಸೂಜಿಯಂಥ ಸ್ರಾವಕ ಯಂತ್ರದ ಮೂಲಕ ಸೋಪ್-ಇ, ಸೋಪ್-ಇ2, ಸೋಪ್-ಬಿ ಪ್ರೋಟೀನುಗಳು ಆತಿಥೇಯ ಕೋಶದೊಳಗೆ ಇಳಿದು ರಾಕ್-1, ಸಿಡಿಸಿ-42 ಅನ್ನೋ ಸ್ವಿಚ್‌ನಂಥ ಪ್ರೋಟೀನುಗಳನ್ನು ಚಾಲೂ ಮಾಡ್ತವೆ. ಆಗ ಆಕ್ಟಿನ್ (ಕೋಶಕ್ಕೆ ಆಕಾರ ಕೊಡೋ ನಾರು) ಎದ್ದು, ಕೋಶದ ಪೊರೆ ಮಡಿಕೆ ಮಡಿಕೆಯಾಗಿ ಉಬ್ಬಿ ಬ್ಯಾಕ್ಟೀರಿಯಾವನ್ನು ಒಳಗೆ ಎಳ್ಕೊಳ್ಳುತ್ತೆ. ಈ ಜೀನುಗಳು ಹೊತ್ತಿಕೊಳ್ಳೋಕೆ ಉಪ್ಪು ಜಾಸ್ತಿ ಬೇಕು, ಆಮ್ಲಜನಕ ಕಡಿಮೆ ಇರಬೇಕು, ಬೆಳವಣಿಗೆ ಲಾಗ್ ಹಂತದ (ವೇಗವಾಗಿ ಹೆಚ್ಚೋ ಹಂತ) ಕೊನೆಗೆ ಬಂದಿರಬೇಕು. ರಾತ್ರಿಯಿಡೀ ಶೇಕರ್‌ನಲ್ಲಿದ್ದ ಕಲ್ಚರ್‌ನಲ್ಲಿ ಈ ಮೂರರಲ್ಲಿ ಒಂದೂ ಸರಿಯಾಗಿ ಸಿಗಲ್ಲ.

ಎಲ್‌ಬಿ ಡಬ್ಬಿಯ ಲೇಬಲ್ ಓದಿ. ಮಿಲ್ಲರ್ ಅಂತಿದ್ರೆ ಲೀಟರಿಗೆ 10 ಗ್ರಾಂ ಉಪ್ಪು, ಲೆನಾಕ್ಸ್ ಅಂತಿದ್ರೆ ಬರೀ 5. ಎಸ್‌ಪಿಐ-1ಕ್ಕೆ 0.3 ಮೋಲಾರ್ ಬೇಕು, ಅಂದ್ರೆ ಲೀಟರಿಗೆ ಒಟ್ಟು 17.5 ಗ್ರಾಂ. ಕೊರತೆ ಇರೋಷ್ಟು ಸೋಡಿಯಂ ಕ್ಲೋರೈಡ್ ಸೇರಿಸಿ ಆಟೋಕ್ಲೇವ್ ಮಾಡಿ. ರಾತ್ರಿಯ ಕಲ್ಚರ್‌ನಿಂದ 300 ಮೈಕ್ರೊಲೀಟರ್ ತೆಗೆದು 10 ಮಿಲಿ ಹೊಸ ಬ್ರಾತ್‌ಗೆ ಹಾಕಿ, 37 ಡಿಗ್ರಿಯಲ್ಲಿ 3ರಿಂದ 3.5 ಗಂಟೆ, ಅಲ್ಲಾಡಿಸೋದು ನಿಧಾನ. ಬೆಳೆದ ಕೂಡಲೇ ಬಳಸಿ. ಬೆಂಚಿನ ಮೇಲೆ ಇಟ್ಟು ಊಟಕ್ಕೆ ಹೋಗಿ ಬಂದ್ರೆ ನುಗ್ಗೋ ಶಕ್ತಿ ಇಳಿದಿರುತ್ತೆ. ತೊಳೆಯುವಾಗ ಜೋರಾಗಿ ಸೆಂಟ್ರಿಫ್ಯೂಜ್ ಮಾಡಿದ್ರೆ ಫ್ಲಾಜೆಲ್ಲಾ (ಈಜೋ ಬಾಲ) ಮುರೀತವೆ, ಅದೂ ನಷ್ಟವೇ.

ಹೀಲಾದ ಮೀಡಿಯಾದಲ್ಲಿ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಇದ್ರೆ ಹಿಂದಿನ ದಿನವೇ ತೆಗೆದು ಆಂಟಿಬಯೋಟಿಕ್ ಇಲ್ಲದ್ದು ಹಾಕಿ. ಎಸ್‌ಎಲ್1344 ಸ್ಟ್ರೆಪ್ಟೊಮೈಸಿನ್ ತಡೆಯೋ ತಳಿ, ಫಾರಂ ತಳಿ ಹೇಗೋ ಗೊತ್ತಿಲ್ಲ. ಉಳಿದ ಔಷಧದಿಂದ ಹೋಲಿಕೆಯೇ ಕೆಡಬಹುದು. ಓಡಿ (ದ್ರವದ ಮಬ್ಬಿನ ಅಳತೆ) ನೋಡಿ 20 ಲಕ್ಷ ಅಂದ್ಕೊಳ್ಳೋದೂ ಬೇಡ. ವೆಲ್ಲಿಗೆ ಹಾಕಿದ ದ್ರವವನ್ನೇ ಪ್ರತಿ ಸಲ ಪ್ಲೇಟ್ ಮಾಡಿ, ಶೇಕಡಾವನ್ನು ಆ ಲೆಕ್ಕದ ಮೇಲೆ ತೆಗೀರಿ.

ಇನ್ವ್-ಎ ಮ್ಯೂಟೆಂಟ್ (ಆ ಜೀನು ಕೆಡಿಸಿದ ತಳಿ) ಎಲ್ಲಾದ್ರೂ ಸಿಕ್ರೆ ದಯವಿಟ್ಟು ತರಿಸ್ಕೊಳ್ಳಿ. ಅದು ಸೂಜಿ ಕಟ್ಟಲಾರದು, ಹಾಗಾಗಿ ಅದರ ಲೆಕ್ಕವೇ ನಿಮ್ಮ ಹಿನ್ನೆಲೆ. ಆ ಒಂದು ವೆಲ್ ಇಲ್ಲದ ಇನ್ವೇಷನ್ ಡೇಟಾವನ್ನು ನಾನಂತೂ ನಂಬಲ್ಲ.

ಈಗ ಶೇ. 40. ಕೋಳಿ ಸಾಕಣೆಯಲ್ಲಿ ಜೆಂಟಾಮೈಸಿನ್ ಬಳಕೆ ಇದೆ. ನಿಮ್ಮ ತಳಿಗೆ ಅದು ತಾಗೋದೇ ಇಲ್ಲ ಅಂತಾದ್ರೆ ಹೊರಗೆ ಅಂಟಿದ್ದೂ ಬದುಕಿ ಉಳಿದು ಲೆಕ್ಕಕ್ಕೆ ಸೇರಿರುತ್ತೆ. ಕೋಶವೇ ಇಲ್ಲದ ವೆಲ್ಲಿನಲ್ಲಿ ಅದೇ ಡಿಎಂಇಎಂ (ಕೋಶ ಬೆಳೆಸೋ ಮೀಡಿಯಾ), ಅದೇ 20 ಲಕ್ಷ ಬ್ಯಾಕ್ಟೀರಿಯಾ, ಅದೇ 100 ಮೈಕ್ರೊಗ್ರಾಂ, 1 ಗಂಟೆ. ಆಮೇಲೆ ಸ್ಪಿನ್ ಮಾಡಿ ತೊಳೆದು ಪ್ಲೇಟ್ ಮಾಡಿ. ಡಿಸ್ಕ್ ಟೆಸ್ಟ್ (ಔಷಧದ ಬಿಲ್ಲೆ ಇಟ್ಟು ನೋಡೋದು) ಸುಳಿವು ಕೊಡುತ್ತೆ ಅಷ್ಟೇ, ಇದರ ಬದಲಿಗೆ ನಿಲ್ಲಲ್ಲ. ಮೀಡಿಯಾ ಹಳದಿಗೆ ತಿರುಗಿದ್ರೆ, ಅಂದ್ರೆ ಪಿಎಚ್ ಇಳಿದಿದ್ರೆ, ಜೆಂಟಾಮೈಸಿನ್ ಬ್ಯಾಕ್ಟೀರಿಯಾದೊಳಗೆ ಹೋಗೋದೇ ಕಡಿಮೆಯಾಗುತ್ತೆ ಅನ್ನೋದೂ ನೆನಪಿರಲಿ.

ಮ್ಯಾಕ್ರೊಫೇಜ್_ಮಂಜು

ಗಿರಿ ಸರ್ ಹೇಳಿದ್ದಕ್ಕೆ ಸೇರಿಸ್ತೀನಿ. ನಿಮ್ಮ ಕಲ್ಚರ್‌ಗಳು ಅದಲು ಬದಲಾಗಿವೆ: ಹೀಲಾಕ್ಕೆ ಬೇಕಾದ್ದು ಮ್ಯಾಕ್ರೊಫೇಜ್‌ಗೆ ಹೋಗಿದೆ, ಮ್ಯಾಕ್ರೊಫೇಜ್‌ಗೆ ಬೇಕಾದ್ದು ಹೀಲಾಕ್ಕೆ.

3 ಗಂಟೆ ಬೆಳೆದ ಕಲ್ಚರ್‌ನಲ್ಲಿ ಫ್ಲಾಜೆಲಿನ್ (ಫ್ಲಾಜೆಲ್ಲಾದ ಪ್ರೋಟೀನು) ಮತ್ತು ಎಸ್‌ಪಿಐ-1ರ ಸೂಜಿ ಎರಡೂ ಇರ್ತವೆ. ಇವು ಸೈಟೊಸಾಲ್‌ಗೆ (ಕೋಶದೊಳಗಿನ ದ್ರವಕ್ಕೆ) ಬಿದ್ದ ಕೂಡಲೇ ನೈಪ್–ಎನ್‌ಎಲ್‌ಆರ್‌ಸಿ4 ಅನ್ನೋ ಕಾವಲು ಪ್ರೋಟೀನು ಜೋಡಿ ಗುರುತು ಹಿಡಿದು ಕ್ಯಾಸ್ಪೇಸ್-1 ಕಿಣ್ವವನ್ನು ಎಬ್ಬಿಸುತ್ತೆ. ಮ್ಯಾಕ್ರೊಫೇಜ್ ಪೈರೊಪ್ಟೋಸಿಸ್‌ನಿಂದ ಒಡೆದು ಸಾಯುತ್ತೆ. ಪೊರೆ ತೂತಾದ ಮೇಲೆ ಜೆಂಟಾಮೈಸಿನ್ ಒಳಗೆ ನುಗ್ಗಿ ಅಲ್ಲಿದ್ದ ಬ್ಯಾಕ್ಟೀರಿಯಾವನ್ನೂ ಮುಗಿಸುತ್ತೆ. 18 ಗಂಟೆಗೆ ಲೆಕ್ಕ ಇಳಿಯೋದು ಹೀಗೆ. ಮ್ಯಾಕ್ರೊಫೇಜ್ ಗೆದ್ದಿತು ಅಂತ ಬರೆದುಬಿಡಬೇಡಿ. 2 ಗಂಟೆಯ ಮೀಡಿಯಾದಲ್ಲಿ ಎಲ್‌ಡಿಎಚ್ (ಸತ್ತ ಕೋಶದಿಂದ ಸೋರೋ ಕಿಣ್ವ) ಅಳೆದ್ರೆ ಎಷ್ಟು ಕೋಶ ಸತ್ತಿದೆ ಅಂತ ಗೊತ್ತಾಗುತ್ತೆ.

ಮ್ಯಾಕ್ರೊಫೇಜ್‌ಗೆ ರಾತ್ರಿಯಿಡೀ ಬೆಳೆದ ಸ್ಟೇಷನರಿ (ಬೆಳವಣಿಗೆ ನಿಂತ) ಹಂತದ್ದನ್ನೇ ಬಳಸಿ. ಶೇ. 10 ಇಲಿ ಸೀರಂನಲ್ಲಿ 37 ಡಿಗ್ರಿಗೆ 20–30 ನಿಮಿಷ ಇಟ್ಟರೆ ಮ್ಯಾಕ್ರೊಫೇಜ್ ತಾನೇ ನುಂಗುತ್ತೆ, ನುಗ್ಗೋ ಯಂತ್ರದ ಅಗತ್ಯ ಬೀಳಲ್ಲ. ಪ್ಲೇಟನ್ನು 5 ನಿಮಿಷ ನಿಧಾನಕ್ಕೆ ಸ್ಪಿನ್ ಮಾಡಿ, ಎಲ್ಲ ವೆಲ್ಲಿನಲ್ಲೂ ಸೋಂಕು ಒಟ್ಟಿಗೆ ಶುರುವಾಗಲಿ. 100 ಮೈಕ್ರೊಗ್ರಾಂ 1 ಗಂಟೆ ಸಾಕು, ಆಮೇಲೆ 10ಕ್ಕೆ ಇಳಿಸಿ. 18 ಗಂಟೆಯೂ 100ರಲ್ಲೇ ಬಿಟ್ಟರೆ ಔಷಧ ನಿಧಾನಕ್ಕೆ ಕೋಶದೊಳಗೆ ಸೇರ್ಕೊಳ್ಳುತ್ತೆ.

ಇಲ್ಲಿ ಕಂಟ್ರೋಲ್ ಎಸ್‌ಎಸ್‌ಎ-ವಿ ಮ್ಯೂಟೆಂಟ್. ನುಂಗಿಸಿಕೊಂಡ ಮೇಲೆ ವ್ಯಾಕ್ಯೂಲ್‌ನೊಳಗಿನ (ನುಂಗಿದ್ದನ್ನು ಸುತ್ತೋ ಚೀಲ) ಆಮ್ಲ ಮತ್ತು ಮೆಗ್ನೀಷಿಯಂ ಕೊರತೆಯಿಂದ ಎಸ್‌ಪಿಐ-2 (ಕೋಶದೊಳಗೆ ಬದುಕೋಕೆ ಬೇಕಾದ ಇನ್ನೊಂದು ಸೂಜಿಯ ಜೀನುಗಳು) ಎದ್ದೇಳುತ್ತೆ, ಎಸ್‌ಎಸ್‌ಎ-ವಿ ಇಲ್ಲದಿದ್ರೆ ಆ ಯಂತ್ರ ನಡೆಯಲ್ಲ. ರಾ ಕೋಶಗಳು ಬಾಲ್ಬ್-ಸಿ ಇಲಿಯವು, ಅವುಗಳ ಎನ್‌ರಾಂಪ್-1 (ಸಾಲ್ಮೊನೆಲ್ಲಾ ತಡೆಯೋ ಪ್ರೋಟೀನು) ಕೆಲಸ ಮಾಡಲ್ಲ. ಹಾಗಾಗಿ ಎಸ್‌ಎಲ್1344 ಅಲ್ಲಿ ಚೆನ್ನಾಗಿ ಬೆಳೀಲೇಬೇಕು. ಬೆಳೀದಿದ್ರೆ ನಿಮ್ಮ ವಿಧಾನವನ್ನೇ ಮತ್ತೆ ನೋಡಿ. ಮ್ಯಾಕ್ರೊಫೇಜ್ ಒಳಗೆ ಬದುಕಲಾರದ ಮ್ಯೂಟೆಂಟ್‌ಗಳು ಇಲಿಯಲ್ಲೂ ರೋಗ ತರಲಾರವು ಅಂತ 1986ರಲ್ಲಿ ಫೀಲ್ಡ್ಸ್, ಹೆಫ್ರನ್ ಮತ್ತು ಸಂಗಡಿಗರು ತೋರಿಸಿದ್ರು. ಈ ಲೆಕ್ಕಕ್ಕೆ ಇಷ್ಟು ಬೆಲೆ ಇರೋದು ಅದಕ್ಕೇ.

ಹೇಮಾವತಿ_ಲ್ಯಾಬ್

ಇಬ್ಬರಿಗೂ ತುಂಬಾ ಧನ್ಯವಾದ. ಡಬ್ಬಿ ಲೆನಾಕ್ಸ್. ಕೋಶವಿಲ್ಲದ ವೆಲ್ಲಿನಲ್ಲಿ ಎಸ್‌ಎಲ್1344 ಪೂರ್ತಿ ಸತ್ತಿದೆ, ಫಾರಂ ತಳಿ ಹಾಕಿದಷ್ಟೂ ಬಂದಿದೆ. ಈ ತಳಿಯನ್ನು ಇನ್ನು ಹೇಗೆ ಅಳೆಯೋದು?

ಪಶುವೈದ್ಯ_ಹಾಸನ

ಮೊದಲು ಅಮಿಕಾಸಿನ್ (ಜೆಂಟಾಮೈಸಿನ್ ಗುಂಪಿನದೇ ಇನ್ನೊಂದು ಔಷಧ) ನೋಡಿ. ಜೆಂಟಾಮೈಸಿನ್ ಕೆಡಿಸೋ ಎಎಸಿ(3) ಗುಂಪಿನ ಕಿಣ್ವ ಅಮಿಕಾಸಿನ್‌ನ ಮುಟ್ಟಲ್ಲ. ಆರ್ಮ್-ಎ ತರದ ಮೀಥೈಲೇಸ್ (ಔಷಧ ಅಂಟೋ ಜಾಗವನ್ನೇ ಬದಲಿಸೋ ಕಿಣ್ವ) ಇದ್ರೆ ಎರಡೂ ಕೈಬಿಟ್ಟ ಹಾಗೆ. ಕೋಶವಿಲ್ಲದ ವೆಲ್ಲಿನ ಪರೀಕ್ಷೆಯನ್ನೇ ಅಮಿಕಾಸಿನ್‌ನಲ್ಲಿ ಮಾಡಿ. ಎರಡೂ ತಳಿ ಸಾಯೋ ಪ್ರಮಾಣ ಸಿಕ್ರೆ ಎಸ್‌ಎಲ್1344ಕ್ಕೂ ಅದನ್ನೇ ಬಳಸಿ. ಒಂದು ತಳಿಗೆ ಒಂದು ಔಷಧ, ಇನ್ನೊಂದಕ್ಕೆ ಇನ್ನೊಂದು ಅಂತ ಮಾಡಬೇಡಿ.

ಸಾಯದಿದ್ರೆ ಒಳಗೆ-ಹೊರಗೆ ಬಣ್ಣ ಹಾಕೋ ವಿಧಾನ. ಕವರ್‌ಸ್ಲಿಪ್ ಮೇಲೆ ಕೋಶ ಬೆಳೆಸಿ, ಸೋಂಕಾದ ಮೇಲೆ ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ. ಪೊರೆ ತೆರೆಯೋ ಮುಂಚೆ ಓ:4 ಆಂಟಿಸೀರಂ (ಈ ಸಾಲ್ಮೊನೆಲ್ಲಾದ ಮೈಗೆ ಅಂಟೋ ಪ್ರತಿಕಾಯ), ಅದರ ಮೇಲೆ ಕೆಂಪು ಸೆಕೆಂಡರಿ (ಆ ಪ್ರತಿಕಾಯಕ್ಕೆ ಅಂಟೋ ಬಣ್ಣದ ಪ್ರತಿಕಾಯ). ಆಮೇಲೆ ಶೇ. 0.1 ಟ್ರೈಟಾನ್ ಹಾಕಿ ಪೊರೆ ತೆರೆದು ಅದೇ ಆಂಟಿಸೀರಂ, ಈ ಸಲ ಹಸಿರು ಸೆಕೆಂಡರಿ. ಬರೀ ಹಸಿರಾಗಿರೋದು ಒಳಗಿನದು, ಕೆಂಪೂ ಇದ್ರೆ ಹೊರಗಿನದು. ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿದ್ರೆ ಪೊರೆ ಆಗಲೇ ತೂತಾಗಿ ಎಲ್ಲವೂ ಹೊರಗಿನದರ ಹಾಗೇ ಕಾಣುತ್ತೆ.

ಎಸ್‌ಎಲ್1344ರಲ್ಲಿ ಸೋಪ್-ಇ ಜೀನು ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲೋ ವೈರಸ್) ಮೂಲಕ ಬಂದಿದೆ, 14028 ಅನ್ನೋ ಇನ್ನೊಂದು ಲ್ಯಾಬ್ ತಳಿಯಲ್ಲಿ ಅದು ಇಲ್ಲ. ಫಾರಂ ತಳಿಯಲ್ಲಿ ಇದೆಯಾ ಅಂತ ಪಿಸಿಆರ್ ಮಾಡಿ, ಆಗಿದ್ರೆ 14028ನ್ನೂ ಪಕ್ಕಕ್ಕಿಟ್ಕೊಳ್ಳಿ. ಸಿಕ್ಕ ಸಂಖ್ಯೆಯನ್ನು ಉಗ್ರತೆ ಅಂತ ಮಾತ್ರ ಕರೀಬೇಡಿ. 1989ರಲ್ಲಿ ಗಲಾನ್ ಮತ್ತು ಕರ್ಟಿಸ್ ಇನ್ವ್ ಜೀನು ಕೆಡಿಸಿದ ತಳಿ ಬಾಯಿಯಿಂದ ಕೊಟ್ಟಾಗ ಸೊರಗಿತ್ತು, ಹೊಟ್ಟೆಯೊಳಕ್ಕೆ ಚುಚ್ಚಿದಾಗ ಮೂಲ ತಳಿಯಷ್ಟೇ ಕೊಲ್ತಾ ಇತ್ತು. ನುಗ್ಗೋದು ಕರುಳಿನ ಬಾಗಿಲಿನ ವಿಷಯ, ಒಳಗಿನ ರೋಗಕ್ಕೆ ಬೇರೆ ಜೀನುಗಳು ಬೇಕು.

ಇನ್ನೊಂದು ತುರ್ತಿನ ಕೆಲಸ: ಈ ತಳಿಗೆ ಸಿಪ್ರೊಫ್ಲೊಕ್ಸಾಸಿನ್, ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್ ಕೆಲಸ ಮಾಡ್ತವಾ ಅಂತ ಈ ವಾರವೇ ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ಜೈವಿಕ ಸುರಕ್ಷತಾ ಸಮಿತಿಗೂ ಕೊಟ್ಟು, ಲ್ಯಾಬಿನ ಬಾಗಿಲಿಗೂ ಅಂಟಿಸಿ. ನಿಮ್ಮಲ್ಲಿ ಯಾರಿಗಾದ್ರೂ ಜ್ವರ, ಭೇದಿ ಶುರುವಾದ್ರೆ ಡಾಕ್ಟರ ಕೈಗೆ ಆ ಹಾಳೆ ಮೊದಲು ಸಿಗಬೇಕು.