ಮಾಲೀಕರ ಕೆಲಸಕ್ಕೆ ಗಾಡಿ ಓಡಿಸುವಾಗ ಅಪಘಾತವಾದರೆ ಹೊಣೆ ಯಾರದು? ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ತುಮಕೂರಿನ ಸದಸ್ಯರು): ನಮಸ್ಕಾರ ಮೇಡಂ. ಟೈಲ್ಸ್ ಅಂಗಡಿಯೊಂದರಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೋದ ವಾರ ಅಂಗಡಿಯ ಮಿನಿ ಸರಕು ಗಾಡಿಯಲ್ಲಿ ಮಾಲು ಇಳಿಸಿ ಬರುವಾಗ ಕ್ಯಾತ್ಸಂದ್ರದ ಬಳಿ ಸೈಕಲ್ ಸವಾರರೊಬ್ಬರಿಗೆ ಗಾಡಿ ತಗುಲಿ ಅವರ ಕಾಲು ಮುರಿದಿದೆ. ನಾನೇ ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಠಾಣೆಗೂ ತಿಳಿಸಿದೆ. ಈಗ ಮಾಲೀಕರು ಕಾಗದವೊಂದನ್ನು ಬರೆಸಿ ತಂದಿದ್ದಾರೆ. ‘ಮಾಲೀಕರಿಗೆ ಹೇಳದೆ ಸ್ವಂತ ಕೆಲಸಕ್ಕೆ ಗಾಡಿ ಒಯ್ದಿದ್ದೆ’ ಎಂದು ಅದರಲ್ಲಿದೆ. ನನ್ನದು ಕಾರಿನ ಡಿಎಲ್, ಅದು ಸರಕು ಗಾಡಿಗೆ ನಡೆಯುವುದಿಲ್ಲ, ಹಾಗಾಗಿ ವಿಮೆ ಬರುವುದಿಲ್ಲ, ಎಲ್ಲವೂ ನನ್ನ ತಲೆಯ ಮೇಲೇ ಎನ್ನುತ್ತಾರೆ. ದುರಸ್ತಿಯ 38,000 ರೂಪಾಯಿಯನ್ನು ಸಂಬಳದಲ್ಲಿ ಹಿಡಿಯುತ್ತಾರಂತೆ. ಸಹಿ ಹಾಕಿದರೆ ಕೆಲಸ ಉಳಿಯುತ್ತದಂತೆ. ಏನು ಮಾಡಲಿ?

ಉತ್ತರ: ಮೊದಲ ಮಾತು, ಆ ಕಾಗದಕ್ಕೆ ಸಹಿ ಹಾಕಬೇಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ಪೊಲೀಸರಿಗೆ ತಿಳಿಸಿದಿರಲ್ಲ, ಮೋಟಾರು ವಾಹನ ಕಾಯಿದೆಯ 134ನೇ ಕಲಮು ಚಾಲಕನಿಂದ ಬಯಸುವುದು ಅದನ್ನೇ. ನಿಮ್ಮ ಪಾಲಿನ ಕರ್ತವ್ಯವನ್ನು ನೀವು ಮಾಡಿದ್ದೀರಿ.

ಸಹಿ ಏಕೆ ಬೇಡ ಎನ್ನುತ್ತೇನೆ ಕೇಳಿ. ನೌಕರ ಮಾಲೀಕರ ಕೆಲಸದ ಮೇಲಿದ್ದಾಗ ಮಾಡಿದ ತಪ್ಪಿನಿಂದ ಮೂರನೆಯವರಿಗೆ ನಷ್ಟವಾದರೆ ಮಾಲೀಕರೂ ಹೊಣೆಗಾರರು. ಮಾಲೀಕರ ಆ ಹೊಣೆಯನ್ನು ಥರ್ಡ್ ಪಾರ್ಟಿ ವಿಮೆಯ ಮೂಲಕ ವಿಮಾ ಕಂಪನಿ ಹೊರುತ್ತದೆ. ಈ ಇಡೀ ಸರಪಳಿ ನಿಂತಿರುವುದು ‘ಅವನು ಯಾರ ಕೆಲಸಕ್ಕೆ ಹೋಗಿದ್ದ’ ಎಂಬ ಒಂದೇ ಕೊಂಡಿಯ ಮೇಲೆ. ನಿಮ್ಮ ಸಹಿ ಆ ಕೊಂಡಿಯನ್ನೇ ಕಳಚುತ್ತದೆ. ನಾಳೆ ಸೈಕಲ್ ಸವಾರರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕ್ಲೇಮು ಹಾಕಿದಾಗ ವಿಮಾ ಕಂಪನಿಯ ವಕೀಲರು ಮೊದಲು ಎತ್ತಿ ಹಿಡಿಯುವುದು ಅದೇ ಕಾಗದವನ್ನು. ಆಗ ನೀವೂ ಸಿಕ್ಕಿಬೀಳುತ್ತೀರಿ, ಕಾಲು ಮುರಿದುಕೊಂಡ ಆ ಬಡಪಾಯಿಯ ಪರಿಹಾರವೂ ವರ್ಷಗಟ್ಟಲೆ ಎಳೆದಾಡುತ್ತದೆ. ಇಂಥ ಕಾಗದದ ಪಾಟೀ ಸವಾಲಿನಲ್ಲಿ ಕಣ್ಣೀರು ಹಾಕಿದ ಚಾಲಕರನ್ನು ನಾನು ನೋಡಿದ್ದೇನೆ.

ಡಿಎಲ್ ಮಾತು ಈಗ ನಿಲ್ಲುವುದಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿದೆ: ಲಘು ಮೋಟಾರು ವಾಹನದ ಡಿಎಲ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು. ಪ್ರತ್ಯೇಕ ನಮೂದು ಬೇಡ. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ ಎಷ್ಟಿದೆ ನೋಡಿ ಹೇಳಿ.

ಒಂದು ವಿಷಯವನ್ನು ಮಾತ್ರ ಮುಚ್ಚಿಡಲಾರೆ. ಮಾಲೀಕರ ಮೇಲೆ ಬೀಳುವುದು ಹಣದ ಹೊಣೆ. ಕ್ರಿಮಿನಲ್ ಪ್ರಕರಣ ಚಕ್ರ ಹಿಡಿದವರದೇ. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳಡಿ ನಿಮ್ಮ ಹೆಸರಿನಲ್ಲಿ ಎಫ್‌ಐಆರ್ ಆಗಬಹುದು. ಅದಕ್ಕೆ ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ, ಮಾಲೀಕರ ವಕೀಲರನ್ನು ನೆಚ್ಚಬೇಡಿ. ಶುಲ್ಕ ಕೊಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ.

ಸಂಬಳ ಕಡಿತದ ವಿಚಾರ: ನಷ್ಟ ನಿಮ್ಮ ನಿರ್ಲಕ್ಷ್ಯದಿಂದಲೇ ಆಯಿತೆಂದು ತೋರಿಸದೆ, ನಿಮ್ಮ ವಿವರಣೆಗೆ ಅವಕಾಶ ಕೊಡದೆ ಹಿಡಿಯುವಂತಿಲ್ಲ.

ಅದೇ ಸದಸ್ಯರು: ಆರ್‌ಸಿಯಲ್ಲಿ 1,550 ಕಿಲೋ ಎಂದಿದೆ ಮೇಡಂ. ಇನ್ನೊಂದು ಮಾತು, ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಹದಿನೈದು ದಿನಗಳ ಹಿಂದೆಯೇ ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿದ್ದೆ. ‘ತಿಂಗಳ ಕೊನೆಗೆ ನೋಡೋಣ’ ಎಂದು ಉತ್ತರ ಬಂದಿತ್ತು.

ಉತ್ತರ: ಹಾಗಾದರೆ ಡಿಎಲ್ ಚಿಂತೆ ಬಿಡಿ. ಆ ಸಂದೇಶವನ್ನು ಅಳಿಸಬೇಡಿ, ಮೊಬೈಲ್ ಬದಲಾಯಿಸಬೇಡಿ. ಮೋಟಾರು ವಾಹನ ನಿರೀಕ್ಷಕರು ಗಾಡಿ ಪರೀಕ್ಷಿಸಿ ಕೊಡುವ ವರದಿಯಲ್ಲಿ ಬ್ರೇಕಿನ ಸ್ಥಿತಿ ಬರೆದಿರುತ್ತಾರೆ. ಅದರ ನಕಲು ಪಡೆಯಿರಿ. ಎರಡೂ ಒಟ್ಟಿಗೆ ಸೇರಿದರೆ ನಿಮ್ಮ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ಮಾಲು ಇಳಿಸಿದ ಡೆಲಿವರಿ ಚಲನ್ ಎಲ್ಲಿದೆ?

ಇನ್ನೊಬ್ಬ ಸದಸ್ಯೆ (ಹಾಸನ): ನನ್ನದೂ ಇಂಥದೇ ಸಂಕಟ ಮೇಡಂ. ನಮ್ಮ ಯಜಮಾನರು ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿದ್ದರು. 2025ರ ಆಗಸ್ಟಿನಲ್ಲಿ ವೈದ್ಯರನ್ನು ಕಾಣಲು ಬೈಕಿನಲ್ಲಿ ಸಕಲೇಶಪುರಕ್ಕೆ ಹೊರಟಿದ್ದಾಗ ನಾಯಿ ಅಡ್ಡ ಬಂದು ಬಿದ್ದು ತೀರಿಕೊಂಡರು. ಅವರಿಗೆ 40 ವರ್ಷ. ಸ್ವಂತ ಬೈಕು, ಬೇರೆ ವಾಹನ ತಗುಲಿಲ್ಲ, ಹೆಲ್ಮೆಟ್ ಕೂಡ ಇರಲಿಲ್ಲ, ನಮ್ಮ ಹೊಣೆ ಏನೂ ಇಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿದೆ.

ಉತ್ತರ: ನಿಮ್ಮ ದುಃಖ ದೊಡ್ಡದು ತಾಯಿ. ಆದರೆ ಕಂಪನಿಯ ಮಾತು ಸರಿಯಲ್ಲ. ಎದುರು ವಾಹನ ಇಲ್ಲದ ಕಾರಣ ಮತ್ತೊಬ್ಬರ ತಪ್ಪಿನ ಮೇಲೆ ನಿಲ್ಲುವ ಕ್ಲೇಮು ನಿಮಗೆ ಸಿಗುವುದಿಲ್ಲ, ಅಷ್ಟು ನಿಜ. ಬೇರೆ ಬಾಗಿಲು ಇದೆ. 1923ರ ನೌಕರರ ಪರಿಹಾರ ಕಾಯಿದೆಯಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯೇ ಇಲ್ಲ. ಕೆಲಸದ ನಡುವೆ, ಕೆಲಸದ ಕಾರಣಕ್ಕೆ ಆದ ಅಪಘಾತವೇ ಎಂಬುದಷ್ಟೇ ಪ್ರಶ್ನೆ. ಔಷಧ ಪ್ರತಿನಿಧಿಗಳಿಗೆ ಆ ಕಾಯಿದೆಯನ್ನು 1976ರ ಮಾರಾಟ ಪ್ರವರ್ತನ ನೌಕರರ ಕಾಯಿದೆ ಅನ್ವಯಿಸಿದೆ. ಹೆಲ್ಮೆಟ್ ಹಾಕಿರಲಿಲ್ಲ ಎಂಬಂಥ ತಕರಾರು ಸಾವಿನ ಪ್ರಕರಣದಲ್ಲಿ ಮಾಲೀಕರನ್ನು ಬಿಡಿಸುವುದಿಲ್ಲ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ನಿಮ್ಮದು ಅದಕ್ಕೂ ಮುಂಚಿನ ಅಪಘಾತ, ಹಳೆಯ ಕಾಯಿದೆಯ ಹಕ್ಕು ಉಳಿದೇ ಇದೆ.

ಲೆಕ್ಕ ಹೀಗಿದೆ. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ. ಅದರ ಅರ್ಧ 7,500. ನಲವತ್ತರ ವಯಸ್ಸಿಗೆ ಕಾಯಿದೆಯ ಗುಣಕ 184.17. ಗುಣಿಸಿದರೆ 13,81,275 ರೂಪಾಯಿ. ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ. ಅರ್ಜಿಗೆ ಎರಡು ವರ್ಷದ ಗಡುವು ಇದೆ, ಕೊನೆಯ ದಿನದವರೆಗೆ ಕಾಯಬೇಡಿ. ಅವರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಮಾತ್ರ ದಾರಿ ಬೇರೆ, ಅವಲಂಬಿತರ ಪಿಂಚಣಿಯನ್ನು ಅಲ್ಲಿಂದಲೇ ಪಡೆಯಬೇಕು. ಬೈಕಿನ ಪಾಲಿಸಿಯಲ್ಲಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದೂ ನೋಡಿ, ಅದರ ಮೊತ್ತ 15 ಲಕ್ಷ. ಅದು ಇದಕ್ಕಿಂತ ಪ್ರತ್ಯೇಕ.

ಅವರ ಬ್ಯಾಗು ಮನೆಯಲ್ಲಿದೆಯೇ? ಆ ತಿಂಗಳ ಟೂರ್ ಪ್ರೋಗ್ರಾಂ, ಹಿಂದಿನ ದಿನದ ಕಾಲ್ ರಿಪೋರ್ಟ್ (ವೈದ್ಯರ ಭೇಟಿಗಳ ವರದಿ), ಪೆಟ್ರೋಲ್ ಭತ್ಯೆಯ ಬಿಲ್ಲುಗಳು ಸಿಗಬೇಕು. ಸಕಲೇಶಪುರ ಎಂಬ ಹೆಸರು ಆ ದಿನಾಂಕದ ಎದುರಿಗೆ ಇದ್ದರೆ ಸಾಕು, ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಮನೆಯಿಂದ ನೇರ ಹೊರಟಿದ್ದರು ಎಂದು ಕಂಪನಿ ವಾದಿಸಿದರೆ ಹೆದರಬೇಡಿ. ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು ಬೆಳಗಿನ ಜಾವದ ಪಾಳಿಗೆ ಬೈಕಿನಲ್ಲಿ ಬರುವಾಗ ದಾರಿಯಲ್ಲೇ ಮೃತಪಟ್ಟಿದ್ದ ಪ್ರಕರಣದಲ್ಲಿ, 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಕುಟುಂಬದ ಪರವಾಗಿ ತೀರ್ಪು ಕೊಟ್ಟಿದೆ.

ಒಬ್ಬ ವ್ಯಾಪಾರಿ (ಹುಬ್ಬಳ್ಳಿ): ನಾನು ಮಾಲೀಕರ ಕಡೆಯವನು ಮೇಡಂ. ಹುಡುಗರು ತಮ್ಮದೇ ಬೈಕಿನಲ್ಲಿ ನಮ್ಮ ಮಾಲು ಮುಟ್ಟಿಸುತ್ತಾರೆ. ದಾರಿಯಲ್ಲಿ ಅಕ್ಕನ ಮನೆಗೆ ತಿರುಗಿ ಅಪಘಾತ ಮಾಡಿಕೊಂಡರೂ ನಾನೇ ಕಟ್ಟಬೇಕೇ?

ಉತ್ತರ: ಗಾಡಿ ಹುಡುಗನದೇ ಆದರೂ ಕೆಲಸ ನಿಮ್ಮದಾದರೆ ಹೊಣೆ ನಿಮ್ಮವರೆಗೂ ಬರಬಹುದು. ಪೂರ್ತಿ ಬೇರೆ ಊರಿನ ಸ್ವಂತ ಕೆಲಸಕ್ಕೆ ಹೋಗಿದ್ದರೆ ನೀವು ಹೊಣೆಯಲ್ಲ. ದಾರಿ ಸ್ವಲ್ಪ ಬಳಸಿದ್ದು, ಚಹಾಕ್ಕೆ ನಿಲ್ಲಿಸಿದ್ದು ಇವು ಸಾಮಾನ್ಯವಾಗಿ ಸ್ವಂತ ಕೆಲಸ ಎನಿಸುವುದಿಲ್ಲ. 1952ರಲ್ಲಿ ಉದಯಪುರದ ಕಲೆಕ್ಟರರ ಜೀಪನ್ನು ದುರಸ್ತಿ ಅಂಗಡಿಯಿಂದ ತರುತ್ತಿದ್ದ ಚಾಲಕ ಪಾದಚಾರಿಯೊಬ್ಬರಿಗೆ ಗುದ್ದಿದ, ಅವರು ತೀರಿಕೊಂಡರು. ರಾಜಸ್ಥಾನ ಸರ್ಕಾರವೇ ಹೊಣೆ ಎಂದು 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರಕ್ಕೇ ಬಿಡದ ಹೊಣೆ ಅಂಗಡಿಯವರನ್ನು ಬಿಟ್ಟೀತೇ?

ಈ ವಾರವೇ ಹುಡುಗರ ಡಿಎಲ್ ಮತ್ತು ವಿಮೆಯ ನಕಲು ತರಿಸಿಕೊಂಡು ಅವಧಿ ನೋಡಿ. ನಿಮ್ಮ ಗಾಡಿಯನ್ನೇ ಡಿಎಲ್ ಇಲ್ಲದವರ ಕೈಗೆ ಕೊಟ್ಟರೆ 5,000 ರೂಪಾಯಿ ದಂಡ, ಮೇಲೆ ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಹಣವನ್ನು ನಿಮ್ಮಿಂದ ವಸೂಲಿ ಮಾಡಬಹುದು. ನೌಕರರಿಗೇ ಪೆಟ್ಟಾದರೆ ಎಂಬುದಕ್ಕೂ ಪ್ರತ್ಯೇಕ ಪಾಲಿಸಿ ಇದೆ, ಮಾಡಿಸಿ. ಅರ್ಧ ಗಂಟೆಯಲ್ಲಿ ಮುಟ್ಟಿಸಲೇಬೇಕು ಎಂದು ಹುಡುಗರನ್ನು ಅಟ್ಟಬೇಡಿ, ನಿಮ್ಮನ್ನು ಕೈ ಮುಗಿದು ಕೇಳುತ್ತೇನೆ.

ತುಮಕೂರಿನ ಸದಸ್ಯರು: ಚಲನ್ ಸಿಕ್ಕಿತು ಮೇಡಂ. ಅಂದು ಹಾಕಿದ್ದ ಅಂಗಿಯ ಜೇಬಿನಲ್ಲೇ ಇತ್ತು. ರಕ್ತದ ಕಲೆ ಇದೆ, ಆದರೆ ದಿನಾಂಕ, ಗಾಡಿ ನಂಬರು, ಅಂಗಡಿಯ ಸೀಲು ಕಾಣುತ್ತವೆ.

ಉತ್ತರ: ಅದನ್ನು ಒರೆಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಫೋಟೊ ತೆಗೆದು ಮನೆಯವರ ಮೊಬೈಲಿಗೂ ಕಳುಹಿಸಿಡಿ. ಮೂಲ ಪ್ರತಿಯನ್ನು ನಿಮ್ಮ ವಕೀಲರ ಕೈಗೇ ಕೊಡಿ, ಮಾಲೀಕರು ಕೇಳಿದರೆ ಜೆರಾಕ್ಸ್ ಕೊಡಿ.