ಸಹಾಯ ಬೇಕು: ‘ಮ್ಯಾಕರೋನಿ’ಯನ್ನು ಕನ್ನಡಕ್ಕೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 1770ರ ದಶಕದ ಲಂಡನ್ನಿನ ಅಣಕು ಚಿತ್ರಗಳ ಬಗ್ಗೆ ಕಾಲೇಜು ಮಕ್ಕಳಿಗೆ ಕನ್ನಡದಲ್ಲಿ ಒಂದು ಸ್ಲೈಡ್ ಶೋ ಮಾಡುತ್ತಿದ್ದೇನೆ. ಒಂದೇ ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಆಗ ಇಟಲಿ ಸುತ್ತಿ ಬಂದ ಶ್ರೀಮಂತ ಹುಡುಗರು ಬಿಗಿಯಾದ ಕೋಟು, ಗೋಪುರದಂಥ ವಿಗ್, ಅದರ ತುದಿಯಲ್ಲಿ ಪುಟ್ಟ ಟೋಪಿ ಹಾಕಿಕೊಂಡು ತಿರುಗುತ್ತಿದ್ದರು. ಅಲ್ಲಿ ತಿಂದ ಪಾಸ್ತಾದಿಂದಲೇ ಅವರಿಗೆ ‘ಮ್ಯಾಕರೋನಿ’ ಅಂತ ಹೆಸರು ಬಂತು. ಮ್ಯಾಥ್ಯೂ ಮತ್ತು ಮೇರಿ ಡಾರ್ಲಿ ದಂಪತಿ ಸ್ಟ್ರ್ಯಾಂಡ್ ಬೀದಿಯ ತಮ್ಮ ಅಂಗಡಿಯಿಂದ ಇವರನ್ನು ಅಣಕಿಸುವ ಚಿತ್ರಗಳನ್ನು ಸಾಲುಸಾಲಾಗಿ ಅಚ್ಚು ಹಾಕಿ ಮಾರಿದರು.

ಮೊದಲು ‘ಶೋಕಿಲಾಲ’ ಅಂತ ಬರೆದೆ. 1774ರ ಒಂದು ಚಿತ್ರಕ್ಕೆ ಅದು ಚೆನ್ನಾಗಿ ಹೊಂದಿತು. ಅದರಲ್ಲಿ ಹಳ್ಳಿಯ ಅಪ್ಪ ಮಗನ ವೇಷ ನೋಡಿ, ‘ಏನಿದು, ಇವನು ನನ್ನ ಮಗ ಟಾಮಾ?’ ಅಂತ ಬೆರಗಾಗುತ್ತಾನೆ. ನನಗೆ ತುಂಬಾ ಇಷ್ಟವಾದ ಚಿತ್ರ ಅದು.

ಆದರೆ ಡಾರ್ಲಿಯವರ 1772ರ ‘ನೊಣ ಹಿಡಿಯುವ ಮ್ಯಾಕರೋನಿ’ ಬಂದಾಗ ಕೈ ನಿಂತಿತು. ಅದು ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಹೋಗಿದ್ದ ನಿಸರ್ಗ ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ಅಣಕ. ಅಲ್ಲಿ ಗುರಿ ಬರೀ ಬಟ್ಟೆಯಲ್ಲ, ಅವನ ಕೀಟ ಸಂಗ್ರಹದ ಹುಚ್ಚು ಕೂಡ. ‘ಶೋಕಿಲಾಲ’ ಅಂದರೆ ಅದು ಹೋಗಿಬಿಡುತ್ತದೆ, ಇಟಲಿಯ ಊಟದ ನೆನಪೂ ಹೋಗುತ್ತದೆ, ಅಲ್ವಾ? ‘ಮ್ಯಾಕರೋನಿ’ ಅಂತಲೇ ಬಿಟ್ಟರೆ ಮಕ್ಕಳು ಸುಮ್ನೆ ತಿಂಡಿ ಅಂದುಕೊಳ್ಳುತ್ತಾರೆ. ಅಡಿಟಿಪ್ಪಣಿ ಹಾಕಿ ನೋಡಿದೆ, ಸ್ಲೈಡಿನಲ್ಲಿ ಯಾರೂ ಓದಲಿಲ್ಲ.

ಅನುವಾದ ಮಾಡಿ ಅನುಭವ ಇರುವವರು ಹೇಳಿ: ಎಲ್ಲ ಶೀರ್ಷಿಕೆಗಳಲ್ಲೂ ‘ಮ್ಯಾಕರೋನಿ’ ಉಳಿಸಿಕೊಂಡು ಮೊದಲ ಸ್ಲೈಡಿನಲ್ಲೇ ವಿವರಿಸಲಾ, ಅಥವಾ ಎರಡೂ ಅರ್ಥ ಹೊರುವ ಕನ್ನಡ ಪದ ಯಾವುದಾದರೂ ಇದೆಯಾ?